ಬೂತಪ್ಪನ ಬದಿಯ ಹಲ್ಲು

ಮೆಷಿನ್ನುಗಳು ತಾವಾಗಿ ಸಾಯುವುದು ಕಡಿಮೆ. ಹೆಚ್ಚಿನವನ್ನು ಜನರೇ ಕೊಲ್ಲುತ್ತಾರೆ. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟುಕೊಂಡು, ಅಡಿಕೆಗೆ ಔಷಧಿ ಹೊಡೆಯುವ ಪಂಪು, ನೀರೆತ್ತುವ ಮೋಟರು ಅಂತ ಕೈ ಕಪ್ಪು ಮಾಡಿಕೊಂಡು ಬದುಕಿದ ನಾನು ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಅಸಾದುಲ್ಲಾ ಅಂದರೆ ಊರಲ್ಲಿ ಒಂದು ಮಾತಿದೆ: ಕೆಲಸ ಚೊಕ್ಕ, ಬಾಯಿ ಹೊಲಸು. ಎರಡೂ ನಿಜ. ಮೆಷಿನ್ನನ್ನು ಹಾಳು ಮಾಡಿಕೊಂಡು ಬಂದು, "ಕಂಪನಿಯದ್ದೇ ಸರಿ ಇಲ್ಲ" ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಮರ ಕೊಯ್ಯುವ ಮೆಷಿನ್ನು, ಅಂದರೆ ಚೈನ್ ಸಾ, ಒಂದೊಂದಾಗಿ ಬರತೊಡಗಿತು. ಅದರ ಜೊತೆಗೇ ಅದನ್ನು ಕೊಲ್ಲುವ ಹೊಸ ಹೊಸ ವಿಧಾನಗಳೂ ಬಂದವು. ಬಸರೀಕಟ್ಟೆ ಕಡೆಯ ಒಬ್ಬ ಆಯುಧಪೂಜೆಗೆ ಒಂದು ಸಂದು ಬಿಡದೆ ಕುಂಕುಮ ಮೆತ್ತಿ, ಮಾರನೇ ದಿನ ಸ್ಟಾರ್ಟ್ ಆಗುವುದಿಲ್ಲ ಎಂದು ಹೊತ್ತು ತಂದ. ಏರ್ ಫಿಲ್ಟರ್ ಬಿಚ್ಚಿದರೆ ಒಳಗೆ ಮದುವೆ ಮನೆ. "ಪೂಜೆ ಮಾಡು ಮಾರಾಯ, ಬೇಡ ಅನ್ನಲ್ಲ. ಆದ್ರೆ ಹಣೆಗೆ ಹಚ್ಚೋದನ್ನ ಮೂಗಿಗೆ ತುಂಬಿದ್ರೆ ಯಾರಿಗಾದ್ರೂ ಉಸಿರು ಬರ್ತದಾ?" ಎಂದು ಬೈದೆ. ಇನ್ನೊಬ್ಬ ಪೆಟ್ರೋಲಿಗೆ ಆಯಿಲ್ ಬೆರೆಸದೆ ಹಾಗೇ ಸುರಿದು ಪಿಸ್ಟನ್ನು ಸುಟ್ಟುಕೊಂಡ. ಮಳೆಗಾಲವಿಡೀ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಟ್ಟು, ಕಾರ್ಬೊರೇಟರು ಅಂಟುಗಟ್ಟಿದ ಮೇಲೆ ತರುವವರಿಗಂತೂ ಲೆಕ್ಕವಿಲ್ಲ.

ಇಂಥವರ ನಡುವೆ ಕಮ್ಮರಡಿಯ ದೇವಪ್ಪ ನನಗೆ ಮೊದಮೊದಲು ದೇವರ ಹಾಗೆಯೇ ಕಂಡ. ಆಗ ಅವನಿಗೆ ಐವತ್ತರ ಹತ್ತಿರ ಇರಬೇಕು. ಕುಳ್ಳು ಆಸಾಮಿ, ಹಲಸಿನ ದಿಮ್ಮಿಯಂಥ ಭುಜ, ಮಾತು ತೀರಾ ಕಮ್ಮಿ. ಅವನ ಮೆಷಿನ್ನಿಗೆ ಒಂದು ದಿನವೂ ಧೂಳು ಕಟ್ಟಿದ್ದಿಲ್ಲ. ಸಂಜೆ ಕೆಲಸ ಮುಗಿದ ಕೂಡಲೇ ಚೈನು ಸಡಿಲ ಮಾಡಿ ಇಡುತ್ತಿದ್ದ. ಬಿಸಿಯಲ್ಲಿ ಹಿಗ್ಗಿದ ಚೈನು ತಣ್ಣಗಾದಾಗ ಬಿಗಿದುಕೊಳ್ಳುತ್ತದೆ, ಹಾಗೇ ಬಿಟ್ಟರೆ ಒಳಗಿನ ಬೇರಿಂಗಿಗೆ ಪೆಟ್ಟು ಎಂದು ನಾನು ಒಮ್ಮೆ ಹೇಳಿದ್ದನ್ನು ಅವನು ಮರೆಯಲೇ ಇಲ್ಲ. ಚೈನು ಓಡುವ ಉದ್ದನೆಯ ಪಟ್ಟಿಯನ್ನು ಆಗಾಗ ಮಗುಚಿ ಹಾಕುತ್ತಿದ್ದ, ಒಂದೇ ಅಂಚು ಸವೆಯಬಾರದೆಂದು. ಅದರ ತೋಡಿನಲ್ಲಿ ಸಿಕ್ಕ ಮರದ ಹುಡಿಯನ್ನು ತೆಂಗಿನ ಗರಿಯ ಕಡ್ಡಿಯಿಂದ ಕೆರೆದು ತೆಗೆಯುತ್ತಿದ್ದ. ಹೆಂಡತಿ ಕಮಲಕ್ಕ, "ನನ್ನ ಕಾಲು ಮುರಿದು ಬಿದ್ರೂ ಇಷ್ಟು ಆರೈಕೆ ಇಲ್ಲ" ಎಂದು ನನ್ನೆದುರೇ ಹಂಗಿಸಿದ್ದುಂಟು.

ಇಷ್ಟೆಲ್ಲ ಆದರೂ ಅವನ ಮೆಷಿನ್ನು ನೆಟ್ಟಗೆ ಕೊಯ್ಯುತ್ತಿರಲಿಲ್ಲ. ಸಿಲ್ವರ್ ಓಕಿನ ನೇರವಾದ ಕಾಂಡಕ್ಕೆ ಹಾಕಿದರೂ ಕೊಯ್ತ ಬಾಳೆಹಣ್ಣಿನ ಹಾಗೆ ಬಾಗಿ ಹೋಗುತ್ತಿತ್ತು. ಪಟ್ಟಿ ಮರದೊಳಗೆ ಸಿಕ್ಕಿ ಒದ್ದಾಡುತ್ತಿತ್ತು, ಇಂಜಿನ್ನು ಕಾದು ಬೆಂಕಿಯಾಗುತ್ತಿತ್ತು. ಎರಡು ಪಟ್ಟಿ ಹಾಳಾದವು. ಮೂರನೆಯದನ್ನು ಕೇಳಲು ಬಂದಾಗ ನಾನು ಕನ್ನಡಕ ಏರಿಸಿ ಅವನ ಚೈನನ್ನು ಬೆಳಕಿಗೆ ಹಿಡಿದೆ.

ಚೈನಿನ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಮುಖಮಾಡಿ ಸಾಲಾಗಿರುತ್ತವೆ. ಅರದಿಂದ ತಿಕ್ಕಿ ಚೂಪು ಮಾಡುವಾಗ ಎರಡು ಬದಿಗೂ ಒಂದೇ ಸಮ ತಿಕ್ಕಬೇಕು. ಒಂದು ಬದಿ ಮೊಂಡಾದರೆ ಮೆಷಿನ್ನು ಚೂಪಾದ ಬದಿಗೆ ಎಳೆಯುತ್ತದೆ. ದೇವಪ್ಪನ ಚೈನಿನಲ್ಲಿ ಬಲಗಡೆಯ ಹಲ್ಲುಗಳು ಕ್ಷೌರದ ಕತ್ತಿಯ ಹಾಗಿದ್ದವು. ಎಡಗಡೆಯವಕ್ಕೆ ಕಂಪನಿಯಿಂದ ಬಂದ ಮೇಲೆ ಅರ ಮುಟ್ಟಿಸಿಯೇ ಇರಲಿಲ್ಲ.

"ಏನೋ ಇದು ದೇವಪ್ಪ? ಅರ್ಧ ಮುಖ ಕ್ಷೌರ ಮಾಡಿಸ್ಕಂಡು ಮದುವೆಗೆ ಹೋಗ್ತಾರಾ?" ಎಂದು ರೇಗಿದೆ.

ಅವನು ಎಡಗಡೆಯ ಹಲ್ಲಿಗೆ ಬೆರಳು ತೋರಿಸಿ, "ಆ ಬದಿ ನಂದಲ್ಲ ಅಸಾದಣ್ಣ" ಅಂದ.

"ಮತ್ತೆ ಯಾರದ್ದು, ನಮ್ಮಪ್ಪಂದಾ? ಕೊಡು ಇಲ್ಲಿ, ನಾನೇ ತಿಕ್ಕಿ ಕೊಡ್ತೆ" ಎಂದು ಅರ ತೆಗೆದುಕೊಂಡೆ. ಅವನು ನನ್ನ ಕೈಯಿಂದ ಚೈನನ್ನು ಕಿತ್ತುಕೊಂಡು, ಚೀಲಕ್ಕೆ ಹಾಕಿ ಹೊರಟುಹೋದ. ನನ್ನ ಅಂಗಡಿಯಲ್ಲಿ ಗಿರಾಕಿ ನನ್ನ ಮೇಲೆ ಸಿಟ್ಟು ಮಾಡಿದ್ದು ಅದೇ ಮೊದಲು, ಹಾಗಾಗಿ ನನಗೆ ಊಟವೂ ಸರಿಯಾಗಿ ಸೇರಲಿಲ್ಲ.

ಮುಂದಿನ ವಾರ ಸಂತೆಗೆ ಬಂದ ಕಮಲಕ್ಕನೇ ವಿಷಯ ಬಿಚ್ಚಿದಳು. ಮೆಷಿನ್ನು ಬರುವ ಮೊದಲು ದೇವಪ್ಪ ಇಬ್ಬರು ಎಳೆಯುವ ಗರಗಸದ ಕೆಲಸದವನು. ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಬೂತಪ್ಪ. ಮೀಸೆ ಮೂಡುವ ಮೊದಲೇ ಜೊತೆಯಾದವರು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಈ ಮೂರು ತಾಲೂಕಿನ ಎಷ್ಟು ಮನೆಗಳ ತೊಲೆ, ಜಂತಿ ಇವರು ಕೊಯ್ದದ್ದೋ ಅವರಿಗೇ ಗೊತ್ತಿರಲಿಲ್ಲ. ಆ ಗರಗಸಕ್ಕೆ ಒಂದೇ ನಿಯಮ: ಎಳೆಯಬೇಕು, ತಳ್ಳಬಾರದು. ತಾನು ಎಳೆದಾದ ಮೇಲೆ ಕೈ ಸಡಿಲ ಬಿಟ್ಟು ಜೊತೆಗಾರನ ಸರದಿ ಕಾಯಬೇಕು. ತಳ್ಳಿದರೆ ಅಲಗು ಬಳುಕಿ ನಿಂತುಹೋಗುತ್ತದೆ. ದಿನವಿಡೀ ಹಾಗೆ ಒಬ್ಬರ ಸರದಿಯನ್ನು ಒಬ್ಬರು ಕಾಯುತ್ತ ಮಾತಿನ ಅಗತ್ಯವೇ ಅವರಿಗೆ ತಪ್ಪಿಹೋಗಿತ್ತು.

"ಅವರಿಬ್ರುದ್ದು ಮೊದ್ಲು, ನಂದು ಎರಡ್ನೇ ಸಂಬಂಧ ಅಣ್ಣ" ಎಂದು ಕಮಲಕ್ಕ ನಕ್ಕಳು. "ಮದುವೆ ದಿನಾನೂ ಇವ್ರು ಬೂತಪ್ಪ ಉಂಡ್ನಾ ಅಂತ ಕೇಳಿದ್ರು. ನಾನು ಉಂಡ್ನಾ ಅಂತ ಕೇಳ್ಲಿಲ್ಲ."

ಗರಗಸದವರಲ್ಲಿ ಒಂದು ಕಟ್ಟುಪಾಡಿದೆಯಂತೆ. ಸಂಜೆ ಗರಗಸವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಎದುರುಬದುರು ಕೂತು ಅರ ಹಾಕಬೇಕು. ಒಂದು ಬಿಟ್ಟು ಒಂದು ಹಲ್ಲು ಇವನ ಕಡೆಗೆ, ಉಳಿದದ್ದು ಅವನ ಕಡೆಗೆ. ತನ್ನ ಬದಿಯ ಹಲ್ಲಿಗೆ ಮಾತ್ರ ಅರ. ಜೊತೆಗಾರನ ಬದಿಯನ್ನು ಮುಟ್ಟುವುದೆಂದರೆ ಅವನ ಬಾಳೆಲೆಗೆ ಕೈ ಹಾಕಿದ ಹಾಗೆ. ಜೊತೆಗಾರ ಸತ್ತರೆ ಮಾತ್ರ ಉಳಿದವನು ಎರಡೂ ಬದಿಗೆ ಅರ ಹಾಕಿ, ಗರಗಸವನ್ನು ಅಟ್ಟಕ್ಕೆ ಏರಿಸಬೇಕು. ದೇವಪ್ಪ ತನ್ನ ಅಪ್ಪ ಹಾಗೆ ಮಾಡಿದ್ದನ್ನು ಕಣ್ಣಾರೆ ಕಂಡವನು.

ಎರಡು ಸಾವಿರದ ಮೂರರಲ್ಲಿ ತೋಟದ ಧಣಿಗಳು ಕೈಗರಗಸದವರನ್ನು ಕರೆಯುವುದು ನಿಲ್ಲಿಸಿದರು. ದೇವಪ್ಪ ಮೆಷಿನ್ನು ತಂದ. ತಂದದ್ದು ಇಬ್ಬರಿಗೂ ಎಂದೇ. ಮಧ್ಯಾಹ್ನದವರೆಗೆ ಬೂತ, ಆಮೇಲೆ ತಾನು ಎಂದು ಮನಸ್ಸಿನಲ್ಲಿ ಹಂಚಿಯೂ ಇಟ್ಟಿದ್ದ. ಬೂತಪ್ಪ ಬಂದು ಮೆಷಿನ್ನನ್ನು ಸುತ್ತ ತಿರುಗಿಸಿ ನೋಡಿದ.

"ಹಿಡಿ ಎರಡಿದೆ. ಆದ್ರೆ ಎರಡೂ ಒಬ್ಬಂಗೇ" ಅಂದನಂತೆ.

ಆದರೂ ಕೆಲವು ದಿನ ಜೊತೆಗೆ ಬಂದ. ಆದರೆ ಮೆಷಿನ್ನು ಅವನ ಕೈಗೆ ಒಗ್ಗಲಿಲ್ಲ, ಆ ಸದ್ದಿಗೆ ತಲೆ ಸುತ್ತುತ್ತಿತ್ತು. ಹಾಗಾಗಿ ಮರ ಬೀಳುವ ಕಡೆಗೆ ಹಗ್ಗ ಹಿಡಿದು ಎಳೆಯುವ ಕೆಲಸ ಅವನ ಪಾಲಿಗೆ ಬಂತು. ಒಂದು ದಿನ ಹಗ್ಗ ಸುತ್ತಿ ನೆಲಕ್ಕಿಟ್ಟು, ಎನ್.ಆರ್. ಪುರದ ಅಕ್ಕನ ಮನೆಗೆ ಹೋಗಿ ಬರುತ್ತೇನೆ ಎಂದು ಹೋದವನು ಅಲ್ಲೇ ಒಂದು ರಬ್ಬರ್ ತೋಟದಲ್ಲಿ ಹಾಲು ಇಳಿಸುವ ಕೆಲಸ ಹಿಡಿದ. ಹೆಂಡತಿ ತೀರಿಕೊಂಡವನು, ಮಕ್ಕಳಿಲ್ಲ, ತಡೆಯುವವರು ಯಾರೂ ಇರಲಿಲ್ಲ. ದೇವಪ್ಪ ಒಮ್ಮೆ ಹೇಳಿ ಕಳಿಸಿದ: ಬಸರೀಕಟ್ಟೆಯಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಬಾ. ಬೂತಪ್ಪ ಬರಲಿಲ್ಲ. ಇವನು ಮತ್ತೆ ಕರೆಯಲಿಲ್ಲ.

"ಒಬ್ರೇ ಕೂತು ಆ ಚೈನಿಗೆ ಅರ ಹಾಕ್ತಾರೆ. ತಮ್ಮ ಬದಿ ಮುಗಿಸಿ, ಎದುರುಗಡೆ ನೋಡ್ಕಂಡು ಸುಮ್ನೆ ಕೂರ್ತಾರೆ. ನಂಗೆ ನೋಡೋಕಾಗಲ್ಲ ಅಣ್ಣ" ಎಂದು ಹೇಳಿ, ಕಮಲಕ್ಕ ನಗು ನಿಲ್ಲಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ನನ್ನ ಸಿಟ್ಟು ಇಳಿಯಿತು ಎಂದರೆ ಸುಳ್ಳು. ಸಿಟ್ಟು ಬೇರೆ ಕಡೆಗೆ ತಿರುಗಿತು. ಕಬ್ಬಿಣಕ್ಕೆ ನಿಮ್ಮ ಕಟ್ಟುಪಾಡು ಗೊತ್ತಾಗುತ್ತದಾ? ಇಬ್ಬರು ಗಂಡಸರ ಬಿಗುಮಾನಕ್ಕೆ ಒಂದು ಒಳ್ಳೆಯ ಮೆಷಿನ್ನು ಸಾಯಬೇಕಾ? ಆ ತಿಂಗಳು ಒಂದು ಪಂಪ್ ಸೆಟ್ ರಿಪೇರಿಗೆ ನಾನು ಎನ್.ಆರ್. ಪುರಕ್ಕೆ ಹೋಗುವುದಿತ್ತು. ಕಮಲಕ್ಕನಿಗೆ ಹೇಳಿ, ದೇವಪ್ಪ ಬಿಚ್ಚಿಟ್ಟಿದ್ದ ಇನ್ನೊಂದು ಚೈನನ್ನು ಅವನಿಗೆ ತಿಳಿಯದ ಹಾಗೆ ತರಿಸಿಕೊಂಡೆ. ಬಿಸ್ಕತ್ತಿನ ಡಬ್ಬಿಗೆ ಹಾಕಿ ಬಸ್ಸು ಹತ್ತಿದೆ.

ಬೂತಪ್ಪ ದೇವಪ್ಪನಿಗೆ ತದ್ವಿರುದ್ಧ. ಉದ್ದ, ಸಪೂರ, ಮಾತೇ ಮಾತು. ನಾನು ಯಾರು ಎಂದು ತಿಳಿಯುವ ಮೊದಲೇ ಕಾಫಿ ಕೊಟ್ಟು, ರಬ್ಬರ್ ಮರದ ಹಣೆಬರಹದಿಂದ ಹಿಡಿದು ಭದ್ರಾ ಹಿನ್ನೀರಿನ ಮೀನಿನ ತನಕ ಹೇಳಿ ಮುಗಿಸಿದ. ಡಬ್ಬಿ ತೆಗೆದು ಚೈನನ್ನು ಅವನ ಕೈಗಿಟ್ಟೆ. ಹೆಬ್ಬೆರಳಿನಿಂದ ಒಂದೊಂದೇ ಹಲ್ಲನ್ನು ಸವರುತ್ತ ಹೋದ. ಚೂಪು, ಮೊಂಡು, ಚೂಪು, ಮೊಂಡು.

"ನನ್ನ ಬದಿ ಹಾಗೇ ಬಿಟ್ಟಿದಾನಲ್ಲ" ಅಂದ. ಆಮೇಲೆ, "ಅವ್ನೇ ಕೊಟ್ಟು ಕಳ್ಸಿದ್ನಾ?" ಎಂದು ಕೇಳಿದ.

"ಇಲ್ಲ. ನಾನೇ ತಂದದ್ದು. ನಂಗೆ ಮೆಷಿನ್ನು ಮುಖ್ಯ, ನಿಮ್ಮ ಜಗಳ ಅಲ್ಲ" ಎಂದೆ.

ಅವನ ಮುಖ ಸ್ವಲ್ಪ ಬಾಡಿತು. ಆದರೂ ನನ್ನ ಹತ್ತಿರ ದುಂಡನೆಯ ಅರ ಇಸಿದುಕೊಂಡು, ಮೆಟ್ಟಿಲ ಮೇಲೆ ಕೂತು, ಎಡಬದಿಯ ಹಲ್ಲುಗಳನ್ನು ತಿಕ್ಕಿದ. ಒಳಗಿನಿಂದ ಹೊರಕ್ಕೆ, ಒಂದೇ ಓರೆ, ಒಂದೇ ಒತ್ತಡ. ನಾನು ಕಲಿಸಬೇಕೆಂದು ಬಾಯಿ ತೆರೆದವನು ಮುಚ್ಚಿಕೊಂಡೆ. ಅರದ ಸದ್ದು ಕೇಳುತ್ತ ಕೂತಿದ್ದಾಗ, ಈ ಮನುಷ್ಯ ಇಲ್ಲಿ ಒಂಟಿಯಾಗಿ ಬೇಯುತ್ತಿದ್ದಾನೆ ಎಂಬುದು ನನ್ನಂಥ ಒರಟನಿಗೂ ಗೊತ್ತಾಯಿತು.

ವಾಪಸು ಬಂದು ಚೈನನ್ನು ದೇವಪ್ಪನಿಗೆ ಕೊಟ್ಟೆ. ಅವನೂ ಹೆಬ್ಬೆರಳು ಸವರಿದ. "ಬೂತನ ಕೈ" ಅಂದ. ಕಣ್ಣು ತುಂಬಿತ್ತು, ಅದನ್ನು ಮರೆಮಾಡಲು ಮೆಷಿನ್ನಿನ ಪ್ಲಗ್ಗು ಕಪ್ಪಾಗುತ್ತದೆ ಯಾಕೆ ಎಂದು ಕೇಳಿದ. ಪ್ಲಗ್ಗು ಕಪ್ಪಾಗಿರಲಿಲ್ಲ.

ಮುಂದಿನ ತಿಂಗಳು ಅವನೇ ಡಬ್ಬಿ ತಂದು ನನ್ನ ಮೇಜಿನ ಮೂಲೆಯಲ್ಲಿಟ್ಟು, "ಆ ಕಡೆ ಹೋಗೋದಿದ್ರೆ..." ಎಂದು ಗೋಡೆಗೆ ಹೇಳಿ ಹೋದ. ಹೋಗುವುದಿರಲಿಲ್ಲ. ಬಸ್ಸಿನ ಕಂಡಕ್ಟರಿಗೆ ಕೊಟ್ಟು ಕಳಿಸಿದೆ. ವಾರದೊಳಗೆ ಅದೇ ಬಸ್ಸಿನಲ್ಲಿ ಬಂತು. ಅಲ್ಲಿಂದ ಅದೇ ಪದ್ಧತಿಯಾಯಿತು. ಒಂದು ಚೈನು ಮೆಷಿನ್ನಿನಲ್ಲಿ, ಇನ್ನೊಂದು ಬಸ್ಸಿನಲ್ಲಿ. ದೇವಪ್ಪ ತನ್ನ ಬದಿ ತಿಕ್ಕಿ ಕಳಿಸುವುದು, ಬೂತಪ್ಪ ತನ್ನ ಬದಿ ತಿಕ್ಕಿ ಮರಳಿಸುವುದು. ಮೆಷಿನ್ನು ಗೆರೆ ಎಳೆದ ಹಾಗೆ ಕೊಯ್ಯತೊಡಗಿತು. ಅದರ ಜೊತೆಗೆ ಬಂದ ಬೇರೆಯವರ ಮೆಷಿನ್ನುಗಳೆಲ್ಲ ಗುಜರಿ ಸೇರಿದರೂ ಇದು ಹೊಸ ಮದುಮಗನ ಹಾಗೆ ಇತ್ತು. ನೋಡಿ ಕಲಿಯಿರಿ ಎಂದು ಬಂದ ಬಂದವರಿಗೆಲ್ಲ ತೋರಿಸುತ್ತಿದ್ದೆ. ಗುಟ್ಟನ್ನು ಮಾತ್ರ ಹೇಳುತ್ತಿರಲಿಲ್ಲ.

ಒಂದು ಮಾತಿಲ್ಲ, ಒಂದು ಭೇಟಿಯಿಲ್ಲ. ವರ್ಷಗಳು ಹೋದವು. ಗುಡ್ಡದ ಮೇಲೆ ಟವರ್ ಬಂತು, ಎಲ್ಲರ ಅಂಗಿ ಜೇಬಿಗೂ ಮೊಬೈಲ್ ಬಂತು. ನಾನು ಬೂತಪ್ಪನ ನಂಬರ್ ತರಿಸಿ ದೇವಪ್ಪನ ಫೋನಿಗೆ ನಾನೇ ಹಾಕಿ ಕೊಟ್ಟೆ. ಮಾಡಲಿಲ್ಲ. "ಎಂತ ಹೇಳೋದು ಅಸಾದಣ್ಣ? ನಾವು ಮಾತಾಡಿದವರೇ ಅಲ್ಲ" ಅಂದ. ಆದರೆ ಬಸ್ಸು ಬರುವ ಹೊತ್ತಿಗೆ ಏನಾದರೊಂದು ನೆಪ ತೆಗೆದು ನನ್ನ ಅಂಗಡಿಗೆ ಬಂದು ಕೂರುತ್ತಿದ್ದ. ಡಬ್ಬಿ ಬಾರದ ದಿನ ಅವನ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಹಾಳಾದ ಪಂಪನ್ನಾದರೆ ಬಿಚ್ಚಿ ಜೋಡಿಸಬಹುದು, ಇದನ್ನು ಎಲ್ಲಿಂದ ಬಿಚ್ಚುವುದು?

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಒಂದು ಡಬ್ಬಿ ಬಂತು. ದೇವಪ್ಪ ಅಲ್ಲೇ ಕೂತಿದ್ದ. ತೆರೆದು, ಎಂದಿನಂತೆ ಹೆಬ್ಬೆರಳು ಆಡಿಸಿದ. ಬೆರಳು ನಿಂತಿತು. ಮತ್ತೆ ಮೊದಲಿಂದ ಸವರಿದ. ಮುಖ ಬೂದಿಯ ಹಾಗಾಯಿತು.

"ಎರಡೂ ಬದಿ ಹಾಕಿದಾನೆ" ಅಂದ.

ನಾನು ಕಸಿದು ನೋಡಿದೆ. ಹೌದು, ದೇವಪ್ಪ ತಿಕ್ಕಿ ಕಳಿಸಿದ್ದ ಬಲಬದಿಯ ಹಲ್ಲುಗಳ ಮೇಲೂ ಹೊಸ ಅರದ ಗುರುತು ಮಿರಮಿರ ಅನ್ನುತ್ತಿತ್ತು. "ಒಳ್ಳೇದೇ ಆಯ್ತಲ್ಲ, ಇನ್ನೂ ಚೂಪು" ಎಂದು ಹೇಳಹೊರಟವನು ಕಟ್ಟುಪಾಡು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

"ನಾನು ಸತ್ತೆ ಅಂತ ಮಾಡ್ದ" ಎಂದ ದೇವಪ್ಪ. ಅವನ ಬಾಯಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ನಾನು ಇಲ್ಲಿ ಜೀವಂತ ಕೂತಿದೀನಿ, ನನ್ನ ಬದಿಗೆ ಅರ ಹಾಕಿದಾನೆ! ಇವತ್ತು ಅವ್ನ ಎದುರು ನಿಂತು ಕೇಳ್ದೆ ಇದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ."

ಎನ್.ಆರ್. ಪುರದ ಬಸ್ಸು ಹೊರಡಲು ನಿಂತಿತ್ತು. ಇಷ್ಟು ವರ್ಷ ಆಸೆಗೆ ಹತ್ತದವನು ಸಿಟ್ಟಿಗೆ ಹತ್ತಿಬಿಟ್ಟ. ಹೊಡೆದಾಟವಾದರೆ ಬಿಡಿಸಲು ಒಬ್ಬರು ಬೇಕಲ್ಲ ಎಂದು ನಾನೂ ಅಂಗಡಿ ಬಾಗಿಲು ಎಳೆದು ಹಿಂದೆ ಓಡಿದೆ. ದಾರಿಯುದ್ದಕ್ಕೂ ಅವನು ಹಲ್ಲು ಕಚ್ಚಿ ಕೂತಿದ್ದ. ಒಂದೆರಡು ಸಲ ಮಾತ್ರ ಕಿಟಕಿಯ ಹೊರಗೆ ಯಾವುದೋ ಮನೆ ತೋರಿಸಿ, "ಅದ್ರ ತೊಲೆ ನಮ್ದು" ಅಂದ. ಅಂದ ಕೂಡಲೇ ಸಿಟ್ಟು ಮಾಡಿಕೊಂಡದ್ದು ನೆನಪಾಗಿ ಮತ್ತೆ ಮುಖ ಗಂಟು ಹಾಕಿದ.

ಬೂತಪ್ಪ ಅಂಗಳದಲ್ಲಿ ಬಿದಿರಿನ ಗಳಕ್ಕೆ ರಬ್ಬರ್ ಹಾಳೆ ಒಣಹಾಕುತ್ತಿದ್ದ. ಮೊದಲೇ ಸಪೂರ, ಈಗ ಇನ್ನೂ ಇಳಿದುಹೋಗಿದ್ದ. ಒಂದು ಹಾಳೆ ಹಾಕುವುದು, ಗಳ ಹಿಡಿದು ಉಸಿರು ತೆಗೆಯುವುದು, ಮತ್ತೊಂದು ಹಾಕುವುದು. ದೇವಪ್ಪ ಗೇಟಿನಲ್ಲೇ ಡಬ್ಬಿ ಎತ್ತಿ ಹಿಡಿದ.

"ಏಯ್! ನಾನು ಸತ್ತಿದೀನಾ? ಕಣ್ಣು ಬಿಟ್ಟು ನೋಡು, ಸತ್ತಿದೀನಾ ನಾನು?"

ಬೂತಪ್ಪ ನಿಧಾನಕ್ಕೆ ತಿರುಗಿದ. ಗಾಬರಿಯಾಗಲಿಲ್ಲ. ಅಡಿಯಿಂದ ಮುಡಿವರೆಗೆ ನೋಡಿ, "ಸತ್ತಿಲ್ಲ ಅಂತ ಬಂದು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?" ಎಂದು ಕೇಳಿದ.

ದೇವಪ್ಪನ ಎತ್ತಿದ ಕೈ ಹಾಗೇ ಇಳಿಯಿತು.

"ಬೇಕಂತಲೇ ಹಾಕ್ದೆ" ಎಂದ ಬೂತಪ್ಪ, ನಡುನಡುವೆ ಉಸಿರು ಎಳೆದುಕೊಳ್ಳುತ್ತ. "ಪ್ರೀತಿಗೆ ಬರೋನಲ್ಲ ನೀನು. ಸಿಟ್ಟಿಗಾದ್ರೂ ಬರ್ತಿ ಅಂತ ಹಾಕ್ದೆ."

"ನೀನೇ ಬರಬೋದಿತ್ತಲ್ಲ."

"ಬಿಟ್ಟು ಬಂದೋನು ನಾನು. ಬಿಟ್ಟು ಬಂದೋನು ಯಾವ ಮುಖ ಇಟ್ಕಂಡು ಬರೋದು ಮಾರಾಯ? ಕರೀಬೇಕಿತ್ತು ನೀನು."

"ಕರ್ದಿದ್ದೆ. ಬಸರೀಕಟ್ಟೆಗೆ."

"ಹಗ್ಗ ಎಳೆಯೋಕೆ ಕರ್ದಿದ್ದೆ ನೀನು" ಎಂದ ಬೂತಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ಸಲ ಒಬ್ಬನೇ ಹೇಳಿಕೊಂಡು ಸವೆದುಹೋದ ಮಾತಿನ ಹಾಗಿತ್ತು.

ನಾನು ಬಾವಿಕಟ್ಟೆಯ ಮೇಲೆ ಕೂತೆ. ಅವರಿಬ್ಬರ ನಡುವೆ ಹೊಡೆದಾಟವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ದೇವಪ್ಪ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ನೆಲ ನೋಡುತ್ತ ನಿಂತ. ಆಮೇಲೆ ಡಬ್ಬಿಯನ್ನು ನನ್ನ ಪಕ್ಕ ಇಟ್ಟು, ಬುಟ್ಟಿಯಲ್ಲಿ ಉಳಿದಿದ್ದ ಹಾಳೆಗಳನ್ನು ಎತ್ತಿ ಗಳಕ್ಕೆ ಹಾಕತೊಡಗಿದ. ಬೂತಪ್ಪ ಇನ್ನೊಂದು ಅಂಚು ಹಿಡಿದು ಸರಿಮಾಡಿದ. ಹಾಳೆಗಳು ಮುಗಿದವು.

"ಬಾ, ಹೋಗನ" ಎಂದ ದೇವಪ್ಪ.

ಬೂತಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕ. "ಎಲ್ಲಿಗೆ ಮಾರಾಯ? ನಾಕು ಹೆಜ್ಜೆ ಹಾಕಿದ್ರೆ ಉಬ್ಬಸ. ಡಾಕ್ಟ್ರು ಈ ಕೆಲಸಾನೂ ಬಿಡು ಅಂದಿದಾರೆ. ನಂಗೆ ಇನ್ನು ಮರ ಕೊಯ್ಯೋಕಾಗಲ್ಲ, ಹಗ್ಗ ಎಳೆಯೋಕೂ ಆಗಲ್ಲ. ನನ್ನ ಕರ್ಕಂಡು ಹೋಗಿ ಎಂತ ಮಾಡ್ತಿ ನೀನು?"

"ಕೆಲ್ಸಕ್ಕೆ ಯಾರು ಕರ್ದ್ರು ನಿನ್ನ?" ಎಂದು ದೇವಪ್ಪ ರೇಗಿದ.

ಬೂತಪ್ಪ ಅವನನ್ನೇ ಸ್ವಲ್ಪ ಹೊತ್ತು ನೋಡಿದ. ಕೈಯನ್ನು ಪಂಚೆಗೆ ಒರೆಸಿಕೊಂಡ. ಅಂಗಿ ಹಾಕಿಕೊಳ್ಳಲು ಒಳಗೆ ಹೋದ.